ಈಶಮ್ಮನ ಹೋಟೆಲ್

ವಿಯೆಟ್ನಾಮಿನ ಹೈಫಾಂಗ್ ಊರಿಗೆ ಇಂಗ್ಲಿಷ್ ಕಲಿಸಲು ಹೋದ ಶಿಲ್ಪಾರಾಣಿಗೆ ಮೊದಮೊದಲು ಸೋಜಿಗವೆನಿಸಿದ್ದು ಸಮುದ್ರವಲ್ಲ, ಮಧ್ಯಾಹ್ನದ ಊಟ. ಶಾಲೆಯವರೇ ಬಡಿಸುತ್ತಿದ್ದರು. ಉಂಡು ತಟ್ಟೆ ಇಟ್ಟು ಎದ್ದು ಹೋದರಾಯಿತು, ಯಾರು ತೊಳೆದರೆಂದು ಕೇಳಬೇಕಿರಲಿಲ್ಲ. ರಜೆ ಬಂದರೆ ಬೆನ್ನಿಗೊಂದು ಚೀಲ ಏರಿಸಿ ರೈಲು ಹತ್ತುವಳು. ಫೋಟೊ ನೋಡಿ ತಮ್ಮ ಕ್ರಾಂತಿಕುಮಾರ, ನಸೀಬಂದ್ರ ಅಕ್ಕಂದು ಅನ್ನುತ್ತಿದ್ದ. ಅವನ ಅಂಗಿಗಳನ್ನು ಇನ್ನೂ ಅವ್ವನೇ ಒಗೆಯುತ್ತಿದ್ದಳು.

ಅವ್ವ ಈಶಮ್ಮ ತೆಲಂಗಾಣದ ಗಡಿಯ ನಾರಾಯಣಖೇಡದ ಹತ್ತಿರದ ತಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡಿಗೆ ಮಾಡುವಾಕೆ. ಶಿಲ್ಪಾ ಓದು ಶುರುಮಾಡಿದ್ದೂ ಅದೇ ಶಾಲೆಯಲ್ಲಿ. ಮುಂದೆ ಜಹೀರಾಬಾದಿನ ಕಾಲೇಜಿನಿಂದ ಬಸ್ಸಿಳಿದು ಬಂದ ಮಗಳು ಪೊರಕೆಗೆ ಕೈ ಹಾಕಿದರೆ ಈಶಮ್ಮ ಕಿತ್ತುಕೊಂಡು, ಓದ್ಕೋ ನಡಿ ಅನ್ನುವಳು. ಶಿಲ್ಪಾ ಓದಿಕೊಂಡಳು. ತಾಂಡೂರಿನ ಖಾಸಗಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂದೂ ಗೊತ್ತಿರಲಿಲ್ಲ.

ಹೈಫಾಂಗಿನ ಶಾಲೆಯಲ್ಲಿ ವರ್ಷಕ್ಕೊಮ್ಮೆ ಪಾಲಕರ ಎದುರು ಪಾಠ ಮಾಡಿ ತೋರಿಸಬೇಕು. ಈ ಸಲ ಪಾಠದ ವಿಷಯ ‘ನನ್ನ ಕುಟುಂಬ’. ಪ್ರತಿ ಶಿಕ್ಷಕರೂ ತಮ್ಮ ಮನೆಯವರನ್ನು ವಿಡಿಯೊ ಕಾಲ್‌ನಲ್ಲಿ ಮಕ್ಕಳೊಡನೆ ಮಾತಾಡಿಸುವುದು. ಐರ್ಲೆಂಡಿನ ಶಿಕ್ಷಕನ ತಾಯಿ ತನ್ನ ಗುಲಾಬಿ ತೋಟ ತೋರಿಸಿ ಎಲ್ಲರನ್ನೂ ಗೆದ್ದಿದ್ದಳು. ಇಂಡಿಯಾದವಳು ಎಂಥ ಇಂಗ್ಲಿಷ್ ಕಲಿಸಿಯಾಳು ಎಂದು ಮುಖ ಸಣ್ಣದು ಮಾಡುವ ಪಾಲಕರಿದ್ದರು. ಶಿಲ್ಪಾಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಬಿಡುವುದು ಈ ಪಾಠದ ಮೇಲೆ ನಿಂತಿತ್ತು. ಅದಕ್ಕೇ ಅವ್ವನಿಗೆ ಹೇಳಿಟ್ಟಿದ್ದಳು: ಅಂದು ರಜೆ ಹಾಕು, ಹಸಿರು ಸೀರೆ ಉಟ್ಟು ಅಂಗಳದಲ್ಲಿ ಕೂಡು.

ಪರದೆಯ ಮೇಲೆ ಹಸಿರು ಸೀರೆಯೇನೋ ಬಂತು. ಹಿಂದೆ ಅಂಗಳವಿರಲಿಲ್ಲ, ಶಾಲೆಯ ಹೆಸರು ಬರೆದ, ಮಸಿ ಹಿಡಿದ ಅಡಿಗೆಕೋಣೆಯ ಗೋಡೆ ಇತ್ತು.

“ಕೌಶಲ್ಯಾ ಬಂದಿಲ್ಲವ್ವಾ ಇವತ್ತ,” ಅಂದಳು ಈಶಮ್ಮ. ಕೌಶಲ್ಯಾ ಅವಳ ಜೋಡಿ ಅಡಿಗೆ ಮಾಡುವವಳು. “ಪೋರಗೋಳಿಗಿ ಉಪವಾಸ ಕೆಡವಿ ಹ್ಯಾಂಗ ಬರ್ಲಿ?”

ಮಕ್ಕಳು ಕೈಬೀಸಿದರು. ಮಾಯ್ ಎಂಬ ಹುಡುಗಿ ಎದ್ದು ನಿಂತು, ನಿಮ್ಮ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಕೇಳಿದಳು. ಕಲಿಸಿದ್ದು ಶಿಲ್ಪಾಳೇ. ಅವಳು ಅದನ್ನು ಕನ್ನಡಕ್ಕೆ ತಿರುಗಿಸಿ ಅವ್ವನಿಗೆ ಹೇಳಿದಳು.

ಈಶಮ್ಮನ ಮುಖ ಅರಳಿತು. “ಸಾಲಿ ಮಕ್ಕಳಿಗಿ ಅಡಗಿ ಮಾಡ್ತೀನಿ ಅಂತ ಹೇಳು. ನೀ ಕಲ್ತ ಸಾಲೀನೇ ಅಂತನೂ ಹೇಳು.”

ಹಿಂದಿನ ಸಾಲಿನಲ್ಲಿ ಪಾಲಕರು ಕಾಯುತ್ತಿದ್ದರು. ಶಿಲ್ಪಾ ನಗುತ್ತ ಇಂಗ್ಲಿಷಿನಲ್ಲಿ, ನಮ್ಮ ತಾಯಿಯದು ಒಂದು ಹೋಟೆಲ್ ಇದೆ ಅಂದಳು.

ಹೋಟೆಲ್ ಅಂದರೆ ಈಶಮ್ಮನಿಗೆ ತಿಳಿಯದ್ದೇನಲ್ಲ. ಸೌಟು ತಿರುವುತ್ತಿದ್ದ ಕೈ ನಿಂತಿತು. ಆಮೇಲೆ ಸೆರಗಿನಿಂದ ಮುಖ ಒರೆಸಿ, ಫೋನನ್ನು ಎತ್ತಿ ಬೇರೆ ಕಡೆ ತಿರುಗಿಸಿದಳು. ಗೋಡೆಗೆ ಬರೆದ ಶಾಲೆಯ ಹೆಸರು ಮರೆಯಾಯಿತು. ದೊಡ್ಡ ಗುಂಡಿ ಪಾತ್ರೆಯಲ್ಲಿ ಕುದಿಯುವ ಸಾಂಬಾರು ಪರದೆ ತುಂಬ ಕಂಡು ಮಕ್ಕಳು ಓಹೋ ಅಂದರು. ಮಾಯ್ ಮತ್ತೇನೋ ಕೇಳಿದಳು. ಶಿಲ್ಪಾ ಅದನ್ನೂ ಕನ್ನಡಕ್ಕೆ ತಿರುಗಿಸಿದಳು.

“ಮಾಲೀಕರು ನೀವೇ ಏನು ಅಂತ ಕೇಳ್ಲಿಕತ್ತಾಳ, ಅವ್ವಾ.”

“ಹೌದನ್ನು,” ಅಂದಳು ಈಶಮ್ಮ. “ನಾನೇ ಮಾಲಕಿನ್ ಅನ್ನು.”

ಚಪ್ಪಾಳೆ ಬಿತ್ತು. ಗುಲಾಬಿ ತೋಟಕ್ಕೂ ಅಷ್ಟು ಬಿದ್ದಿರಲಿಲ್ಲ. ಮುಂದಿನ ವರ್ಷವೂ ನೀವೇ ಇರಬೇಕು ಎಂದು ಮುಖ್ಯೋಪಾಧ್ಯಾಯಿನಿ ಕೈ ಕುಲುಕಿದಳು. ಆ ಮಧ್ಯಾಹ್ನ ಶಾಲೆಯ ಊಟ ಬಡಿಸುವ ಹೆಂಗಸು ತಟ್ಟೆ ಮುಂದಿಟ್ಟಾಗ ಶಿಲ್ಪಾಳಿಗೆ ಅವಳ ಮುಖ ನೋಡಲಾಗಲಿಲ್ಲ.

ಶಾಲೆ ಬಿಟ್ಟ ಮೇಲೆ ಊರಿಗೆ ಫೋನು ಮಾಡಿದಳು. ಈಶಮ್ಮ ಫೋನನ್ನು ಭುಜಕ್ಕೆ ಒತ್ತಿಕೊಂಡೇ ಗುಂಡಿ ತಿಕ್ಕುತ್ತಿದ್ದಳು, ಕರಕರ ಸಪ್ಪಳ ಕೇಳುತ್ತಿತ್ತು. ಬೈಯಲಿಲ್ಲ. ನಿಮ್ಮ ದೊಡ್ಡ ಮೇಡಮ್ಮಗ ಖುಷಿ ಆತಾ ಎಂದು ವಿಚಾರಿಸಿದಳು. ಆತು ಅಂದಳು ಶಿಲ್ಪಾ. ಚೊಲೋ ಆತು ಬಿಡು ಅಂದು ತಿಕ್ಕುವುದು ನಿಲ್ಲಿಸಿದಳು.

“ಮೊದಲೇ ಹೇಳಬೇಕಿತ್ತವ್ವಾ. ಇನ್ ಮ್ಯಾಲ ಯಾರರ ಕೇಳಿದ್ರ ನಾ ಏನ್ ಅನ್ನಬೇಕು? ಈಗೇ ಹೇಳಿಡು,” ಅಂದಳು ಈಶಮ್ಮ.

“ಅಡಗಿ ಮಾಡ್ತೀನಿ ಅನ್ನು, ಅವ್ವಾ. ಸಾಲಿ ಮಕ್ಕಳಿಗಿ,” ಅಂದಳು ಶಿಲ್ಪಾ.

ಆ ಕಡೆ ಮತ್ತೆ ಗುಂಡಿಯ ಸಪ್ಪಳ ಶುರುವಾಯಿತು.

“ಅದೇ ಹೇಳಿದ್ನಲ್ಲವ್ವಾ ನಾ.”