ಏಣಿಯ ಎರಡನೇ ಮೊಳೆ

ನಮ್ಮ ಬ್ರಾಕ್‌ಲೋ ಹಳ್ಳಿಯ, ಗೋಡೆಗೆ ಚೆಂಡು ಹೊಡೆದು ಆಡುವ ಸ್ಕ್ವಾಷ್ ಕ್ಲಬ್ಬಿನ ಚರಿತ್ರೆ ಬರೆದುಕೊಡು ಎಂದು ಹೊಸ ಕಮಿಟಿಯವರು ನನಗೆ ಗಂಟುಬಿದ್ದಿದ್ದಾರೆ. ಚರಿತ್ರೆಯಂತೆ, ಮಣ್ಣಂತೆ! ಇಂಗ್ಲೆಂಡಿನ ಶ್ರಾಪ್‌ಶೈರಿನ ಮೂಲೆಯಲ್ಲಿ ಸೋರುವ ಚಾವಣಿಯ ಒಂದೇ ಒಂದು ಕೋರ್ಟು, ಹನ್ನೊಂದು ಜನ ಸದಸ್ಯರು. ನಾನು ಬಸ್ ಓಡಿಸಿದವನು, ಬರೆಯುವವನಲ್ಲ. ನನಗೆ ಹೇಳಲು ಬರುವುದು ಗ್ವೆಂಡಾ ಪಾರ್ಜೆಟರ್ ಒಬ್ಬಳ ವಿಷಯ. ಅವಳೋ ಒಂದು ದಿನವೂ ಆಡಿದವಳಲ್ಲ.

ಅವಳ ಗಂಡ ಲೆನ್ ಗಾರೆ ಕೆಲಸದವನು. ಎಪ್ಪತ್ತಮೂರರಲ್ಲಿ ನಾವೆಲ್ಲ ಸೇರಿ ಕೋರ್ಟು ಕಟ್ಟಿದಾಗ ಗೋಡೆಗೆ ಗಿಲಾವು ಮಾಡಿದವನು ಅವನೇ. ಗ್ವೆಂಡಾ ಕಾರ್ಯದರ್ಶಿ. ಬೀಗದ ಕೈ, ನೆಲ ಒರೆಸುವುದು, ಚಹಾ, ಎಲ್ಲ ಅವಳ ತಲೆಗೆ. ಬಾಗಿಲ ಪಕ್ಕದ ಹಲಗೆಗೆ ನಾವು ಏಣಿ ಎನ್ನುತ್ತಿದ್ದೆವು. ಮೇಲಿಂದ ಕೆಳಗೆ ಮೊಳೆಗೊಂದು ಹೆಸರಿನ ಬಿಲ್ಲೆ. ತನ್ನ ಮೇಲಿನವನಿಗೆ ಸವಾಲು ಹಾಕಿ ಗೆದ್ದರೆ ಬಿಲ್ಲೆಗಳು ಅದಲುಬದಲು. ಆ ಮೇಲಿನವನು ಹೇಳಿದ ಹೊತ್ತಿನಿಂದ ಹದಿನೈದು ನಿಮಿಷದೊಳಗೆ ಬರದಿದ್ದರೆ ಸೋತಂತೆ. ಸವಾಲಿನಲ್ಲಿ ಸೋಲದೆ ಯಾರ ಬಿಲ್ಲೆಯನ್ನೂ ಅದರ ಮೊಳೆಯಿಂದ ತೆಗೆಯುವಂತಿಲ್ಲ. ಈ ನಿಯಮ ಬರೆದವನೂ ಲೆನ್.

ಎರಡನೇ ಮೊಳೆ ಅವನದು, ಮೂರನೆಯದು ನನ್ನದು. ಹನ್ನೊಂದು ವರ್ಷ ಗುರುವಾರ ಗುರುವಾರ ಅವನ ಕೈಲಿ ಸೋತಿದ್ದೇನೆ. ಆ ಮಹರಾಯ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹದಿನಾಲ್ಕನೇ ನಿಮಿಷಕ್ಕೆ ಬಾಗಿಲು ನೂಕಿ, "ಏನೋ ಸಿರಿಲ್, ಗೆದ್ದೇಬಿಟ್ಟೆ ಅಂದ್ಕೊಂಡ್ಯಾ?" ಎನ್ನುತ್ತಿದ್ದ.

ಎಂಬತ್ತನಾಲ್ಕರ ನವೆಂಬರಿನಲ್ಲಿ ಗೋಡೆಗೆ ಕಟ್ಟಿದ್ದ ಸಾರವೆಯಿಂದ ಬಿದ್ದು ಸತ್ತ. ಮಣ್ಣು ಮಾಡಿದ ದಿನ ಗ್ವೆಂಡಾ ಬಂದವರಿಗೆಲ್ಲ ತಾನೇ ಸ್ಯಾಂಡ್‌ವಿಚ್ ಮಾಡಿಕೊಟ್ಟಳು. ಅಳಲಿಲ್ಲ. ಗುರುವಾರ ಬಂದು ಕೋರ್ಟು ಒರೆಸಿದಳು. ಮಾತಾಡಿಸಿದರೆ, "ಹೂಂ, ಪರವಾಗಿಲ್ಲ," ಅಷ್ಟೇ. ನನಗೂ ಏನೂ ಅನಿಸುತ್ತಿರಲಿಲ್ಲ. ಬಸ್ ಓಡಿಸುತ್ತಿದ್ದೆ, ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ಏಣಿ ಅಲ್ಲಿಗೇ ನಿಂತಿತು. ಅದನ್ನು ಮುಟ್ಟಿದರೆ ಗ್ವೆಂಡಾ ನೊಂದುಕೊಂಡಾಳೆಂದು ಯಾರೂ ಆಡಲಿಕ್ಕೇ ಬರಲಿಲ್ಲ. ನಮ್ಮೂರವರ ಮರ್ಯಾದೆಗಿಷ್ಟು ಬೆಂಕಿ ಹಾಕ! ಕ್ಲಬ್ಬು ಕಣ್ಣೆದುರೇ ಸಾಯುತ್ತಿದ್ದರೂ ಟೋಪಿ ತೆಗೆದು ಸುಮ್ಮನೆ ನಿಲ್ಲುವ ಜನ.

ಜನವರಿಯಲ್ಲಿ ಒಂದು ದಿನ ಗ್ವೆಂಡಾ ನನ್ನ ಬಸ್ಸು ಹತ್ತಿ ಪಕ್ಕದಲ್ಲೇ ನಿಂತಳು.

"ಸಿರಿಲ್, ಲೆನ್‌ಗೆ ಸವಾಲು ಹಾಕು."

"ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಆ ಬಿಲ್ಲೆ ತಗೊಂಡು ಮನೆಗೆ ಹೋಗು. ಯಾರು ಬೇಡ ಅಂತಾರೆ?"

"ತೆಗೆಯೋ ಹಾಗಿಲ್ಲ, ಅವನೇ ಬರೆದಿರೋದು. ವಾರ ವಾರ ಅವನ ಹೆಸರು ನೋಡ್ತೀನಿ ಕಣೋ, ಏನೂ ಆಗಲ್ಲ ನಂಗೆ. ಅವನು ಸತ್ತಿದ್ದೇ ನಂಗಿನ್ನೂ ತಟ್ಟಿಲ್ಲ. ಹೀಗೇ ಕಲ್ಲಾಗಿ ಉಳಿದುಬಿಡ್ತೀನೇನೋ ಅಂತ ಭಯ. ಕರೆದ್ರೂ ಅವನು ಬರಲ್ಲ ಅನ್ನೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು."

ಆ ಗುರುವಾರ ಬಿಳಿ ಬಟ್ಟೆ ತೊಟ್ಟು ಕೋರ್ಟಿನಲ್ಲಿ ಒಬ್ಬನೇ ನಿಂತೆ. ಗ್ವೆಂಡಾ ಮೇಲಿನ ಗ್ಯಾಲರಿಯಲ್ಲಿ ಗಡಿಯಾರ ಹಿಡಿದಿದ್ದಳು.

"ಟೈಮ್ ಆಯ್ತು. ಲೆನ್ ಬಂದಿಲ್ಲ," ಎಂದಳು, ಸ್ಟಾಪಿನ ಹೆಸರು ಕೂಗುವ ಕಂಡಕ್ಟರನ ಹಾಗೆ. ಕೆಳಗೆ ಬಂದು ಅವನ ಬಿಲ್ಲೆಯನ್ನು ಮೂರನೇ ಮೊಳೆಗೆ ಇಳಿಸಿದಳು. ಹನ್ನೊಂದು ವರ್ಷಕ್ಕೆ ನನ್ನ ಮೊದಲ ಗೆಲುವು. ಆ ದರಿದ್ರ ಗೆಲುವು ಯಾರಿಗೆ ಬೇಕಿತ್ತು!

ಮುಂದಿನ ಗುರುವಾರ ಮಾಂಸದಂಗಡಿಯ ಪ್ರಾಸರ್ ಬಂದ. ಆಮೇಲೆ ವಾರಕ್ಕೊಬ್ಬರಂತೆ, ಏಣಿಯಲ್ಲಿ ಲೆನ್‌ಗಿಂತ ಕೆಳಗಿದ್ದ ಉಳಿದವರು. ಎಲ್ಲರೂ ಹದಿನೈದು ನಿಮಿಷ ನಿಂತರು, ಲೆನ್ ಒಂದೊಂದೇ ಮೊಳೆ ಇಳಿದ. ಗ್ವೆಂಡಾ ಒಂಬತ್ತು ಸಲ ಅದೇ ಮಾತು ಕೂಗಿದಳು. ಒಂಬತ್ತು ಸಲವೂ ಅವಳ ಕಣ್ಣು ಒಣಗಿಯೇ ಇತ್ತು.

ಮಾರ್ಚಿಗೆ ಲೆನ್ ಕಟ್ಟಕಡೆಯ ಮೊಳೆಗೆ ಬಂದ. ಅವನ ಕೆಳಗೆ ಸವಾಲು ಹಾಕಲು ಯಾರೂ ಉಳಿದಿರಲಿಲ್ಲ. ಗ್ವೆಂಡಾ ಒಂದು ಹೊಸ ಮೊಳೆ ಹೊಡೆದು ತನ್ನ ಹೆಸರು ತೂಗುಹಾಕಿದಳು.

ಆ ಗುರುವಾರ ಲೆನ್ನನ ರ‍್ಯಾಕೆಟ್ ಹಿಡಿದು ಅವಳು ಕೋರ್ಟಿನಲ್ಲಿ ನಿಂತಳು. ಗಡಿಯಾರ ನನ್ನ ಕೈಯಲ್ಲಿತ್ತು. ಹದಿನಾಲ್ಕನೇ ನಿಮಿಷಕ್ಕೆ ಅವಳು ಬಾಗಿಲ ಕಡೆ ತಿರುಗಿದಳು. ದೇವರಾಣೆ, ನಾನೂ ತಿರುಗಿದೆ.

"ಟೈಮ್ ಆಯ್ತು, ಗ್ವೆಂಡಾ."

"ಇನ್ನೊಂದೇ ಒಂದು ನಿಮಿಷ ತಡಿಯೋ, ಸಿರಿಲ್. ಅವನು ಯಾವತ್ತೂ ಲೇಟಲ್ವಾ..."

ಮಾತು ಅಲ್ಲಿಗೇ ಮುರಿಯಿತು. ಅವನು ಗಿಲಾವು ಮಾಡಿದ ಗೋಡೆಗೆ ಹಣೆ ಹಚ್ಚಿ, ನಾಲ್ಕು ತಿಂಗಳ ಮೇಲೆ, ಅವಳು ಗಟ್ಟಿಯಾಗಿ ಅತ್ತಳು. ನಾನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡೆ.