ಬಾಯಿಬಿಟ್ಟು ಹೇಳಿದ ಹೆಸರು

ಅರಸನ ಮುಂದಿರಬೇಡ, ಕುದುರೆಯ ಹಿಂದಿರಬೇಡ ಎನ್ನುತ್ತಾರೆ. ಯೋಖೆನ್ ಪಾಗೆಲ್ ಇಪ್ಪತ್ತಾರು ವರ್ಷ ಕೂತದ್ದು ಸರಿಯಾಗಿ ಆ ಎರಡರ ನಡುವೆ. ಅವನು ಕೌಂಟ್ ಆಖಿಮ್ ಅವರ ಗಾಡಿ ಹೊಡೆಯುವವನು. ಕೌಂಟರು ಡೊಬರ್ಕೋ ಜಮೀನಿನ ಒಡೆಯರು, ಬರ್ಲಿನ್ನಿನಲ್ಲಿ ಮಂತ್ರಿಗಳು. ರೈಲು ನಿಲ್ದಾಣಕ್ಕೆ ಎರಡು ಗಂಟೆಯ ದಾರಿ. ಅಷ್ಟು ಹೊತ್ತೂ ಅವರು ಹಿಂದೆ ಕೂತು, ಸಭೆಯಲ್ಲಿ ಆಡಬೇಕಾದ ಭಾಷಣವನ್ನು ಗಟ್ಟಿಯಾಗಿ ಆಡಿ ನೋಡುತ್ತಿದ್ದರು.

"ಗುಟ್ಟಾಗಿ ಚೀಟಿ ಹಾಕೋದು ಹೇಡಿಗಳ ಕೆಲಸ! ನಮ್ಮೂರಿನ ಆಳು ನನ್ನ ಮುಖ ನೋಡಿ ತನಗೆ ಬೇಕಾದವನ ಹೆಸರು ಹೇಳ್ತಾನೆ. ಅವನಿಗೆ ಯಾರ ಭಯ? ಹೇಗಿತ್ತೋ, ಯೋಖೆನ್?"

"ಎಡಗಡೆ ಕುದುರೆ ಕಿವಿ ನಿಮಿರಿಸ್ತು, ಧಣಿ."

ತಮಾಷೆ ಮಾಡಿದರೂ ಯೋಖೆನ್ ಧಣಿಯ ಆ ಮಾತನ್ನು ನಂಬಿಬಿಟ್ಟ. ಅವನ ತಪ್ಪು ಅದೊಂದೇ.

ಆ ಶರತ್ಕಾಲದಲ್ಲಿ ಚುನಾವಣೆ ಬಂತು. ಊರಿನ ಪರವಾಗಿ ಮತ ಹಾಕಲು ಯಾರನ್ನು ಕಳಿಸಬೇಕು ಎಂದು ಎಲ್ಲರೂ ಊರ ಹೋಟೆಲಿನಲ್ಲಿ ಗುಮಾಸ್ತನ ಮೇಜಿನ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ಕಟ್ಟುವ ತೆರಿಗೆಯ ಮೇಲೆ ಮತದಾರರನ್ನು ವರ್ಗಗಳಾಗಿ ಹಂಚಿದ್ದರು; ಕಡಿಮೆ ತೆರಿಗೆಯವರ ಸರದಿ ಮೊದಲು. ಕೊನೆಯ ಸರದಿ ಕೌಂಟರದು; ಅವರ ವರ್ಗದಲ್ಲಿ ಅವರೊಬ್ಬರೇ. ಆಳುಗಳು ಒಬ್ಬೊಬ್ಬರಾಗಿ ಬಂದು, ಚರ್ಚಿನಲ್ಲಿ ಆಮೆನ್ ಅಂದಂತೆ, "ಲೂಡೆಕೆ" ಎಂದು ಹೇಳಿ ಹೋದರು. ಲೂಡೆಕೆ ಜಮೀನಿನ ಪಾರುಪತ್ಯಗಾರ, ಕೌಂಟರ ಕಡೆಯವನು. ಆ ಬೇಸಿಗೆಯಲ್ಲಷ್ಟೇ ಇದೇ ಆಳುಗಳ ಆಲೂಗಡ್ಡೆ ಬೆಳೆಯುವ ತುಂಡು ನೆಲಗಳನ್ನು ಕಿತ್ತುಕೊಂಡು ಧಣಿಯ ಹೊಲಕ್ಕೆ ಸೇರಿಸಿದ್ದ.

"ಹಿಂಟ್ಸ್," ಎಂದ ಯೋಖೆನ್. "ಚಕ್ರ ಮಾಡೋ ಹಿಂಟ್ಸ್."

ಗುಮಾಸ್ತ ತಲೆಯೆತ್ತಿದ. "ಸರಿಯಾಗಿ ಹೇಳೋ. ಯಾರು?"

"ಕಿವಿಗೇನಾಗಿದೆ ಸ್ವಾಮಿ ನಿಮಗೆ? ಹಿಂಟ್ಸ್!"

ಪಕ್ಕದಲ್ಲಿದ್ದ ಆಳುಗಳು ಒಂದು ಹೆಜ್ಜೆ ಹಿಂದೆ ಸರಿದರು. ಕೌಂಟರು ಮಾತ್ರ ತೊಡೆ ತಟ್ಟಿ ನಕ್ಕರು. ಮರುದಿನ ಸಂತೋಷವಾಗಿಯೇ ಬರ್ಲಿನ್ನಿಗೆ ಹೊರಟರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೂರನೆಯ ದಿನ ಲೂಡೆಕೆ ಬಾಗಿಲಲ್ಲಿ ನಿಂತಿದ್ದ.

"ಈ ಮನೆ ಗಾಡಿಯವನದು. ನೀನೀಗ ಗಾಡಿಯವನಲ್ಲ. ಖಾಲಿ ಮಾಡು."

ಯೋಖೆನ್‌ನ ಹೆಂಡತಿ ಫಿಯೆಕೆ ಹಾಸಿಗೆ ಸುತ್ತುತ್ತಲೇ ಗಂಡನಿಗೆ ಚೆನ್ನಾಗಿ ಬೈದಳು. "ದಿನಾ ಕುದುರೆಗೆ ಲಗಾಮು ಹಾಕ್ತೀಯ, ನಿನ್ನ ನಾಲಿಗೆಗೆ ಒಂದು ಹಾಕ್ಕೊಳ್ಳೋಕಾಗ್ಲಿಲ್ವಾ?"

ಆ ಚಳಿಗಾಲವನ್ನು ಅವರು ಮಾಡು ಸೋರುವ ಕುರಿಕೊಟ್ಟಿಗೆಯಲ್ಲಿ ಕಳೆದರು. ಯೋಖೆನ್ ರಸ್ತೆಗೆ ಜಲ್ಲಿ ಒಡೆದ. ಫಿಯೆಕೆಗೆ ಕೆಮ್ಮು ಹಿಡಿಯಿತು.

ಮಾರ್ಚಿನಲ್ಲಿ ಹೊಸಬನೊಬ್ಬ ಹೊಡೆಯುತ್ತಿದ್ದ ಗಾಡಿ ಜಲ್ಲಿ ರಾಶಿಯ ಪಕ್ಕ ನಿಂತಿತು. ಕೌಂಟರು ತಲೆ ಹೊರಗೆ ಹಾಕಿದರು.

"ಇಲ್ಲೇನು ಮಾಡ್ತಿದೀಯೋ?"

"ಕಲ್ಲು ಒಡೀತಿದೀನಿ, ಧಣಿ. ಲೂಡೆಕೆಯವರು ಕೆಲಸ ಬಿಡಿಸಿದ್ರು."

ಕೌಂಟರ ಮುಖ ಕೆಂಪಾಯಿತು. "'ನನ್ನ ಗಾಡಿಯವನೇ ನನ್ನೆದುರು ಬೇರೆ ಹೆಸರು ಹೇಳಿದ, ಇವತ್ತಿಗೂ ನನ್ನ ಗಾಡಿ ಹೊಡೀತಾನೆ' ಅಂತ ತುಂಬಿದ ಸಭೇಲಿ ಹೇಳಿಬಿಟ್ಟಿದೀನಲ್ಲೋ! ಪತ್ರಿಕೇಲೂ ಬಂದಿದೆ! ನಾನು ಸುಳ್ಳಾಡೋನಲ್ಲ. ಹತ್ತು ಮೇಲೆ!"

ಯೋಖೆನ್ ಹತ್ತಿದ. ಮನೆಯೂ ವಾಪಸು ಸಿಕ್ಕಿತು. ಐದು ತಿಂಗಳು ಎಲ್ಲಿ ಮಲಗಿದ್ದೆ ಎಂದು ಕೌಂಟರು ಕೇಳಲಿಲ್ಲ. ಲೂಡೆಕೆಯನ್ನು ಕೆಲಸದಿಂದ ತೆಗೆಯಲೂ ಇಲ್ಲ. ಒಳ್ಳೆಯವರೇ, ಆದರೆ ಅವರಿಗೆ ತಮ್ಮ ಮಾತು ನಿಜವಾದರೆ ಸಾಕಾಗಿತ್ತು.

ಮೂರು ವರ್ಷಕ್ಕೆ ಮತ್ತೆ ಚುನಾವಣೆ. ಈ ಸಲ ಕೌಂಟರು ಬರ್ಲಿನ್ನಿನಿಂದ ಇಬ್ಬರು ಗೆಳೆಯರನ್ನೂ ಕರೆತಂದಿದ್ದರು. ಯೋಖೆನ್‌ನ ಸರದಿ ಬಂದಾಗ "ಈಗ ಕೇಳಿ" ಎಂದು ಅವರ ಕಡೆ ಕಣ್ಣು ಮಿಟುಕಿಸಿದರು.

"ಲೂಡೆಕೆ," ಎಂದ ಯೋಖೆನ್.

ಗುಮಾಸ್ತ ಬರೆದುಕೊಂಡ. ಗೆಳೆಯರು ನೆಲ ನೋಡಿದರು. ನಿಲ್ದಾಣಕ್ಕೆ ಹೋಗುವ ಅರ್ಧ ದಾರಿಯವರೆಗೂ ಕೌಂಟರು ತಡೆದುಕೊಂಡರು.

"ನನ್ನ ಭಾಷಣ ಮರೆತ್ಯೇನೋ?"

"ಇಲ್ಲ ಧಣಿ, ಪೂರ್ತಿ ಬಾಯಿಗೆ ಬರುತ್ತೆ. ಆದ್ರೆ ಫಿಯೆಕೆ ಇನ್ನೂ ಕೆಮ್ತಾಳೆ."

ಆ ದಿನ ಕುದುರೆಗಳಿಗೆ ಭಾಷಣ ಕೇಳಿಸಲಿಲ್ಲ.