ಅಕ್ಕನ ನಂಬರ್ ಪ್ಯಾಡ್

ನನ್ನ ಅಕ್ಕ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಸೂಟ್‌ಕೇಸ್ ಹಿಡಿದು ಚಾಮರಾಜಪೇಟೆಯ ಅವಳ ಮನೆಗೆ ಬಂದೆ. "ಮೇಲಿನ ರೂಮು ನಿಂದು, ಅಡುಗೆಮನೆ ನಂದು, ಜಗಳ ಆಡೋದಿದ್ರೆ ಹಾಲ್‌ನಲ್ಲಿ" ಎಂದು ಬಾಗಿಲಲ್ಲೇ ಹೇಳಿದಳು. ಅಷ್ಟು ಹೇಳಿ ನನ್ನ ಕೈಯಿಂದ ಭಾರದ ಸೂಟ್‌ಕೇಸನ್ನು ಕಸಿದುಕೊಂಡು ಮೆಟ್ಟಿಲು ಹತ್ತಿಬಿಟ್ಟಳು. ಆಗ ಅವಳಿಗೆ ಅಷ್ಟು ಶಕ್ತಿಯಿತ್ತು.

ಬೆಳಗ್ಗೆ ಪೇಪರ್ ಬಂದರೆ ಸುಡೊಕು ಇರುವ ಹಾಳೆ ಮೊದಲು ಅವಳಿಗೆ. ಪಕ್ಕದಲ್ಲಿ ಕಾಫಿ. ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಪೆನ್ನಿನಲ್ಲೇ ತುಂಬುತ್ತಿದ್ದಳು. "ಅಳಿಸಬೋದು ಅಂತ ಗೊತ್ತಿದ್ರೆ ಯೋಚನೆ ಸಡಿಲ ಆಗತ್ತೆ ಕಣೇ" ಎನ್ನುತ್ತಿದ್ದಳು. ಮುಗಿಸಿದ ಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ, ಸುಮ್ಮನೆ ಹುಬ್ಬೇರಿಸಿ ಕೂರುವಳು. ನಾನು ನೋಡಿ ತಲೆಯಾಡಿಸಬೇಕು. ನನಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ, ಆದರೂ ಆಡಿಸುತ್ತಿದ್ದೆ.

ನಿವೃತ್ತಿಯಾದ ಸ್ವಲ್ಪ ಕಾಲಕ್ಕೆ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಕೈ. ಡಾಕ್ಟರು ಅವಳನ್ನು ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿ ನೋಡಿ, ಪಾರ್ಕಿನ್ಸನ್ಸ್ ಎಂದರು. ಅವಳ ಅಕ್ಷರ ದಿನದಿನಕ್ಕೆ ಕಿರಿದಾಗುತ್ತ ಸಾಸಿವೆ ಕಾಳಿನಷ್ಟಾಯಿತು. ಕಪ್ಪು ಹಲಗೆಯ ತುಂಬ ದಪ್ಪಕ್ಕೆ ಬರೆಯುತ್ತಿದ್ದವಳು ತಾನೇ ಬರೆದ ಮೂರೋ ಎಂಟೋ ತಿಳಿಯದೆ ಭೂತಗನ್ನಡಿ ಹುಡುಕುವಂತಾಯಿತು. ಒಂದು ಬೆಳಗ್ಗೆ ಸುಡೊಕು ಹಾಳೆಯನ್ನು ಮಡಿಸಿ, ತರಕಾರಿ ಹೆಚ್ಚುವಾಗ ಕೆಳಗೆ ಹಾಸಿಕೋ ಎಂದು ನನಗೇ ಕೊಟ್ಟಳು.

ನನ್ನ ಹಳೆಯ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ದೊಡ್ಡದಾಗಿ ಸುಡೊಕು ತೋರಿಸಿದೆ. ಕಣ್ಣರಳಿಸಿದಳು. ಆದರೆ ಲ್ಯಾಪ್‌ಟಾಪಿನ ಕೀಗಳು ತೆಳು. ಒಂದನ್ನು ಒತ್ತಲು ಹೋದರೆ ಬೆರಳು ಪಕ್ಕದ್ದನ್ನೂ ಒತ್ತುತ್ತಿತ್ತು. ಬರೀ ಅಂಕಿಗಳಿರುವ ಒಂದು ನಂಬರ್ ಪ್ಯಾಡನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅದಕ್ಕೆ ವೈರ್ ಇತ್ತು. ಎರಡನೇ ದಿನ ಅವಳ ನಡುಗುವ ಕೈಗೆ ವೈರ್ ಸಿಕ್ಕಿಕೊಂಡು, ಕಾಫಿ ಲೋಟ ಉರುಳಿ, ಬಿಸಿ ಕಾಫಿ ಸೀರೆಯ ಮೇಲೆಲ್ಲ ಚೆಲ್ಲಿತು. ನಾನು ಒದ್ದೆ ಬಟ್ಟೆ ತರುವಷ್ಟರಲ್ಲಿ ಅವಳು ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಸುಟ್ಟಿತಾ ಅಕ್ಕ?"

"ಇಲ್ಲ. ಇದನ್ನ ಎಲ್ಲಾದ್ರೂ ಕಟ್ಟಿ ಹಾಕ್ಬೇಕು ಅನ್ಸತ್ತೆ ಕಣೇ" ಎಂದಳು, ಕೈಯನ್ನು ನೋಡುತ್ತ.

ಆ ವಾರವೇ ಆಟೋ ಮಾಡಿಕೊಂಡು ನಗರ್ತಪೇಟೆಗೆ ಹೋದೆವು. ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಸಾಲಿಗೆ ನಡೆದೇ ಹೋಗಬೇಕು. ಕೈಗಾಡಿ, ಸ್ಕೂಟರ್, ತಲೆಯ ಮೇಲೆ ಮೂಟೆ ಹೊತ್ತವರು. ನಡುದಾರಿಯಲ್ಲಿ ಅವಳ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟಿತು. ಆ ಕಾಯಿಲೆಯಲ್ಲಿ ಹಾಗಾಗುತ್ತದೆ. ಹಿಂದಿನಿಂದ ಹಾರ್ನ್. ಅಕ್ಕ ಕಣ್ಣು ಮುಚ್ಚಿ, "ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು" ಎಂದು ಮಗ್ಗಿ ಹೇಳಿಕೊಂಡಳು. ಆ ಲಯಕ್ಕೆ ಒಂದೊಂದೇ ಹೆಜ್ಜೆ ಎದ್ದಿತು. ನಾನೂ ಜೊತೆಗೆ ಹೇಳಿದೆ. ಹದಿನೇಳರ ಮಗ್ಗಿ ನನಗೆ ಪೂರ್ತಿ ಬರುವುದಿಲ್ಲ. ತಪ್ಪಿದ ಕಡೆ ಅವಳು ನನ್ನ ಕೈ ಚಿವುಟಿದಳು.

ಅಂಗಡಿಯವನು ಮೆತ್ತಗಿನದೊಂದನ್ನು ಮುಂದಿಟ್ಟ. "ಇದ್ ತಗೊಳ್ಳಿ ಮೇಡಂ. ಬೆಣ್ಣೆ ಥರ ಇದೆ, ಸೌಂಡೇ ಬರಲ್ಲ."

"ನಿಮ್ಮ ಸ್ಕ್ರೀನ್‌ಗೆ ಕನೆಕ್ಟ್ ಮಾಡಿ ನೋಡೋಣ" ಎಂದಳು ಅಕ್ಕ.

ಅವನು ಜೋಡಿಸಿದ. ಅವಳು ಏನನ್ನೂ ಒತ್ತಲಿಲ್ಲ. ಬಲಗೈಯನ್ನು ಸುಮ್ಮನೆ ಅದರ ಮೇಲೆ ಇಟ್ಟಳು. ಸ್ಕ್ರೀನ್ ಮೇಲೆ ಏಳು, ಎಂಟು, ಏಳು, ಏಳು ಎಂದು ಅಂಕಿಗಳು ಹರಿದುಹೋದವು. ಅಂಗಡಿಯವನು ಒಮ್ಮೆ ಅವಳ ಕೈ ನೋಡಿ ತಲೆ ತಗ್ಗಿಸಿದ.

"ನೋಡಿದ್ರಾ? ನನಗೆ ಬೆಣ್ಣೆ ಬೇಡಪ್ಪ. ಗಟ್ಟಿ ಇರೋದು ಕೊಡಿ. ವೈರ್ ಇರಬಾರದು."

"ಮೆಕ್ಯಾನಿಕಲ್‌ದು ಇದೆ ಅಮ್ಮ. ಒಂದೊಂದು ಕೀಗೂ ಒಂದೊಂದು ಸ್ವಿಚ್ಚು, ಸ್ಪ್ರಿಂಗು. ಅದ್ರಲ್ಲೂ ಬೇರೆ ಬೇರೆ ಇವೆ." ಅವನ ದನಿ ಇಳಿದಿತ್ತು. ಒಳಗಿನಿಂದ ಬಾಕ್ಸುಗಳನ್ನು ತಂದ.

ಒಂದೊಂದರ ಮೇಲೂ ಕೈಯಿಟ್ಟು ನೋಡಿದಳು. ಒಂದರಲ್ಲಿ ಅಂಕಿ ಆಗೊಮ್ಮೆ ಈಗೊಮ್ಮೆ ಬಿತ್ತು. ಇನ್ನೊಂದರಲ್ಲಿ ಬೀಳಲಿಲ್ಲ, ಆದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಬೂದು ಬಣ್ಣದ್ದು, ಕೈಗೆ ತೂಕ ಬರುವಂಥದ್ದು. ಕೈ ಇಟ್ಟರೆ ಸ್ಕ್ರೀನ್ ಖಾಲಿಯಾಗಿಯೇ ಉಳಿಯಿತು. ಬೆರಳೂರಿ ಒತ್ತಿದರೆ ಅರ್ಧ ಇಳಿದು 'ಟಕ್' ಎಂದು ಗಟ್ಟಿಯಾಗಿ ಸದ್ದು ಮಾಡಿ ಅಂಕಿ ಬಿತ್ತು. ಅವಳು ಮತ್ತೊಮ್ಮೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ ಹುಬ್ಬೇರಿಸಿದಳು.

"ಇದು ಜಾಸ್ತಿ ಸೌಂಡು ಅಮ್ಮ, ಮನೇಲಿ ಬೈತಾರೆ."

"ಮನೇಲಿರೋಳು ಇವಳೊಬ್ಬಳೇ. ಬೈದ್ರೆ ಬೈಲಿ ಬಿಡಿ."

ಲ್ಯಾಪ್‌ಟಾಪಿಗೆ ಸಿಕ್ಕಿಸಲು ಉಗುರಿನಷ್ಟು ಪುಟ್ಟ ರಿಸೀವರ್ ಇತ್ತು. ಪ್ಲಸ್ ಒತ್ತಿದರೆ ಸುಡೊಕುವಿನ ಮುಂದಿನ ಖಾಲಿ ಮನೆಗೆ ಹೋಗುವ ಹಾಗೆ ಅವನೇ ಸೆಟ್ ಮಾಡಿಕೊಟ್ಟ.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಕಿವಿಗೆ ಆ ಸದ್ದೇ ಬರುತ್ತದೆ. ಅಷ್ಟು ಹೊತ್ತಿಗೆ ಅಡುಗೆಮನೆ ನನ್ನದಾಗಿತ್ತು. ನಾನು ಒಗ್ಗರಣೆ ಹಾಕುತ್ತಿರುವಾಗ ಹಾಲ್‌ನಿಂದ ಟಕ್. ಬಹಳ ಹೊತ್ತು ಮೌನ. ಮತ್ತೆ ಟಕ್, ಟಕ್. ಜೋರಾಗಿ ಬಂದರೆ ಕಷ್ಟದ ಮನೆ ಬಿಡಿಸಿದಳೆಂದು ಅರ್ಥ. ಪ್ಯಾಡನ್ನು ಮಡಿಲಲ್ಲಿಟ್ಟುಕೊಂಡು ಸೋಫಾಕ್ಕೆ ಒರಗಿ, ಕೆಲವೊಮ್ಮೆ ಹಾಸಿಗೆಯಲ್ಲೇ ಕೂತು ಆಡುತ್ತಿದ್ದಳು. ತಪ್ಪು ಅಂಕಿ ಬಿದ್ದರೆ ಟಿವಿಯಲ್ಲಿ ಆ ಮನೆ ಕೆಂಪಾಗುತ್ತಿತ್ತು. ಅವಳಿಗೆ ಕೆಂಪು ಬೀಳುವುದೇ ಅಪರೂಪ.

ಮಾರನೇ ವರ್ಷ ಕೆಂಪು ಹೆಚ್ಚಾಯಿತು. ಮೊದಲು ಕೈ ತಪ್ಪಿರಬೇಕು ಎಂದುಕೊಂಡೆ. ಒಂದು ದಿನ ಬೇಳೆ ಬೇಯಲಿಟ್ಟು ಹಾಲ್‌ಗೆ ಬಂದು ನೋಡಿದರೆ ಒಂದೇ ಸಾಲಿನಲ್ಲಿ ನಾಲ್ಕು ಕೆಂಪು. ಅವಳು ರೆಪ್ಪೆ ಬಡಿಯದೆ ಟಿವಿ ನೋಡುತ್ತಿದ್ದಳು. ಡಾಕ್ಟರನ್ನು ಕೇಳಿದೆ. ಕೆಲವರಿಗೆ ಈ ಕಾಯಿಲೆ ಕೈಯಲ್ಲಿ ನಿಲ್ಲುವುದಿಲ್ಲ, ಬುದ್ಧಿಗೂ ಹತ್ತುತ್ತದೆ ಎಂದು ಅವರು ಮೆಲ್ಲಗೆ ಹೇಳಿದರು.

ಮನೆಗೆ ಬಂದು ಕೇಳಿದೆ: "ಅಕ್ಕ, ಕೆಂಪು ಬರೋದನ್ನ ಆಫ್ ಮಾಡ್ಬೋದಂತೆ. ಮಾಡ್ಲಾ?"

ಅವಳು ನನ್ನನ್ನೇ ನೋಡಿದಳು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರನ್ನು ನೋಡುವ ನೋಟ ಅದು. "ಮಕ್ಕಳ ಪೇಪರ್ ತಿದ್ದೋವಾಗ ಪಾಪ ಅಂತ ಕೆಂಪು ಇಂಕು ಬಿಟ್ಟಿದ್ನಾ ನಾನು? ಇರ್ಲಿ."

ಇರಲಿ ಎಂದು ಬಿಟ್ಟೆ. ದಿನವೂ ಕೂತಳು. ಕೆಂಪು ಬಿದ್ದರೆ ಅಳಿಸುವಳು, ಮತ್ತೆ ಹಾಕುವಳು, ಮತ್ತೆ ಕೆಂಪು. ಮಳೆಗಾಲ ಕಳೆಯುವವರೆಗೂ ಹೀಗೇ ನಡೆಯಿತು. ನಾನು ಅಡುಗೆಮನೆಯಲ್ಲಿ ಮಿಕ್ಸಿ ಹಾಕದೆ, ನಲ್ಲಿ ಬಿಡದೆ, ಆ ಕಡೆಗೇ ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಂದು ಬೆಳಗ್ಗೆ ಕರೆದಳು.

"ಬಾ ಇಲ್ಲಿ. ಅವತ್ತು ಹೇಳಿದ್ಯಲ್ಲ, ಅದೇನೋ ಆಫ್ ಮಾಡ್ತೀನಿ ಅಂತ."

"ಹೂಂ."

"ಮಾಡ್ಬಿಡು."

ಮಾಡಿದೆ. ಪರದೆಯ ಮೇಲಿನ ಕೆಂಪೆಲ್ಲ ಒಮ್ಮೆಗೇ ಮಾಯವಾಗಿ ಬಿಳಿಯಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕಾಫಿ ಕೊಡ್ತೀಯಾ?" ಎಂದಳು. ಕಾಫಿ ಬೆರೆಸಿ, ಚೆಲ್ಲದಂತೆ ಲೋಟವನ್ನು ಅರ್ಧಕ್ಕೇ ತುಂಬಿ ತಂದುಕೊಟ್ಟೆ.

ಐದರ ಕೀ ಮೇಲೆ ಬೆರಳಿಗೆ ತಾಗುವ ಒಂದು ಸಣ್ಣ ಉಬ್ಬು ಇರುತ್ತದೆ. ಕೊನೆಕೊನೆಗೆ ಅವಳ ಬೆರಳು ಅದನ್ನೊಂದೇ ಹುಡುಕುತ್ತಿತ್ತು. ಐದು, ಪ್ಲಸ್, ಐದು, ಪ್ಲಸ್. ಖಾಲಿ ಮನೆಗಳೆಲ್ಲ ಐದಾದ ಮೇಲೆ ನನ್ನ ಕಡೆ ತಿರುಗುವಳು. ಮುಖದಲ್ಲಿ ಚಲನೆ ಕಡಿಮೆಯಾಗಿತ್ತು, ಹುಬ್ಬು ಏರುತ್ತಿರಲಿಲ್ಲ.

"ಮುಗೀತು ನೋಡು."

"ಹೂಂ ಅಕ್ಕ, ಮುಗೀತು."

"ಕಷ್ಟ ಇತ್ತು ಇವತ್ತಿಂದು."

"ಕಷ್ಟಾನೇ ಇತ್ತು."

ನುಂಗಲು ಕಷ್ಟವಾಗತೊಡಗಿತು. ಗಂಜಿ ಶ್ವಾಸನಾಳಕ್ಕೆ ಹೋಗಿ ಎದೆಯಲ್ಲಿ ಸೋಂಕಾಯಿತು. ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ಅವಳ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ತಡಕುತ್ತಿದ್ದವು. ನನ್ನ ಅಂಗೈಯನ್ನು ಕೆಳಗಿಟ್ಟೆ. ಅದರ ಮೇಲೆ ಮೆತ್ತಗೆ ಒತ್ತುತ್ತಿದ್ದಳು. ಒಂದು ಮಧ್ಯಾಹ್ನ, ನರ್ಸ್ ಡ್ರಿಪ್ ಬದಲಿಸಿ ಹೋದ ಮೇಲೆ, ಕೈ ನಡುಗುವುದು ನಿಂತಿತು. ನಿದ್ದೆ ಹತ್ತಿತೆಂದುಕೊಂಡೆ, ನಿದ್ದೆಯಲ್ಲಿ ಆ ನಡುಕ ನಿಲ್ಲುತ್ತಿತ್ತು. ಹಾಗೆಂದುಕೊಂಡು ನಾನು ಎಷ್ಟೋ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಕಾರ್ಯಗಳೆಲ್ಲ ಮುಗಿದು ಸ್ವಲ್ಪ ದಿನವಾದ ಮೇಲೆ ಅವಳ ಜೊತೆ ಫಿಸಿಯೋಥೆರಪಿಗೆ ಬರುತ್ತಿದ್ದ ಹಿರಿಯರೊಬ್ಬರು ಫೋನ್ ಮಾಡಿದರು. ಅವರಿಗೂ ಇದೇ ಕಾಯಿಲೆ. ಸಂಕೋಚದಿಂದ ಕೇಳಿದರು, "ನಿಮ್ಮಕ್ಕ ಒಂದು ನಂಬರ್ ಪ್ಯಾಡ್ ವಿಷಯ ಹೇಳ್ತಿದ್ರಮ್ಮ. ಅದು ಎಲ್ಲಿ ಸಿಗತ್ತೆ?"

"ನಾನೇ ತಂದ್ಕೊಡ್ತೀನಿ ಬಿಡಿ" ಎಂದೆ.

ಅದನ್ನು ಒರೆಸಿ, ಚಾರ್ಜ್ ಮಾಡಿ, ವಿಶ್ವೇಶ್ವರಪುರಂನ ಅವರ ಮನೆಗೆ ತೆಗೆದುಕೊಂಡು ಹೋದೆ. ಅವರ ಹೆಂಡತಿ ಲ್ಯಾಪ್‌ಟಾಪ್ ತಂದಿಟ್ಟರು. ಆ ಹಿರಿಯರು ಮಗುವಿನ ಹಾಗೆ ಪ್ಯಾಡಿನ ಮೇಲೆ ಕೈಯಿಟ್ಟು ನೋಡಿದರು. ಅಂಕಿ ಬೀಳಲಿಲ್ಲ. ಆಮೇಲೆ ಒತ್ತಿದರು. ಟಕ್.

"ಅಬ್ಬಾ, ಗಟ್ಟಿ ಇದೆ ಕಣೇ" ಎಂದು ಹೆಂಡತಿಗೆ ಹೇಳಿ ನಕ್ಕರು. ಮತ್ತೆ ಒತ್ತಿದರು, ಮತ್ತೆ.

"ಕಾಫಿ ಕುಡ್ಕೊಂಡ್ ಹೋಗಿ" ಎಂದು ಅವರ ಹೆಂಡತಿ ಕೈ ಹಿಡಿದರು. ಇನ್ನೊಮ್ಮೆ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡೆ. ಗೇಟಿನವರೆಗೂ ಆ ಸದ್ದು ಬಂತು.

ಬೀದಿಯ ತುದಿಯಲ್ಲಿ ಆಟೋ ನಿಂತಿತ್ತು.

"ಎಲ್ಲಿಗಮ್ಮಾ?"

"ಚಾಮರಾಜಪೇಟೆ."

"ಇಲ್ಲೇ ಅಲ್ವಾ, ನಡ್ಕೊಂಡೇ ಹೋಗ್ಬೋದು" ಎಂದವನು, ಹತ್ತಿ ಕೂತ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದ.

"ಆಗಲ್ಲಪ್ಪ. ಕರ್ಕೊಂಡ್ ಹೋಗಿ" ಎಂದೆ. "ದುಡ್ಡೇನೂ ಬೇಡಮ್ಮ" ಎಂದು ಅವನು ಮೀಟರ್ ಹಾಕದೆ ಗಾಡಿ ಶುರು ಮಾಡಿದ.